ಕಟ್ಟಿದವರಿಗೆ ನೋಟಿಸು, ಕಟ್ಟಲು ಬಿಟ್ಟವರಿಗೆ?

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಕ್ರಮ ಕಟ್ಟಡಗಳ ಬಗ್ಗೆಯೇ ಇದ್ದವು. ವಿಲ್, ಜೀವನಾಂಶ, ಚೆಕ್ ಬೌನ್ಸ್ ಕುರಿತ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಪುಟಗಳನ್ನು ಒಂದೇ ವಿಷಯಕ್ಕೆ ಬಿಟ್ಟುಕೊಡುತ್ತಿದ್ದೇನೆ. ದೂರುಗಳು ಇನ್ನೂ ನಡೆಯುತ್ತಿರುವುದರಿಂದ ಬರೆದವರ ಹೆಸರು, ಊರು, ಕಚೇರಿ ಮೂರನ್ನೂ ತೆಗೆದಿದ್ದೇನೆ. ಉಳಿದದ್ದೆಲ್ಲ ಅವರ ಮಾತೇ.

ಪ್ರಶ್ನೆ: ನಮ್ಮ ಪಕ್ಕದ ನಿವೇಶನದಲ್ಲಿ ನೆಲಮಹಡಿ ಮತ್ತು ಎರಡು ಅಂತಸ್ತಿಗೆ ಮಾತ್ರ ಪರವಾನಗಿ ಇದೆ. ಐದು ಅಂತಸ್ತು ಎದ್ದಿದೆ. ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಖಾಲಿ ಜಾಗ) ಎಂಬುದೇ ಇಲ್ಲ. ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಅವರ ಗೋಡೆ ಕೈಗೆ ಸಿಗುತ್ತದೆ. ಮೂರನೆಯ ಮೋಲ್ಡಿಂಗ್ ಹಾಕುವ ಮೊದಲೇ ಪಾಲಿಕೆಗೆ ದೂರು ಕೊಟ್ಟಿದ್ದೆ. 'ಕಟ್ಟಡದ ಮಾಲೀಕರಿಗೆ ನೋಟಿಸು ನೀಡಲಾಗಿದೆ' ಎಂದು ಹಿಂಬರಹ ಬಂತು. ಆಮೇಲೆ ಏನೂ ಆಗಲಿಲ್ಲ. ಈಗ ಅಲ್ಲಿ ಬಾಡಿಗೆದಾರರು ಬಂದಿದ್ದಾರೆ. ಇನ್ನು ಒಡೆಯುವುದು ಕಷ್ಟ ಎಂದು ಎಂಜಿನಿಯರ್ ಹೇಳುತ್ತಾರೆ. ಆ ಎಂಜಿನಿಯರನ್ನೇ ಹೊಣೆ ಮಾಡಲು ಕಾನೂನಿನಲ್ಲಿ ಅವಕಾಶ ಇದೆಯೇ? (ನಿವೃತ್ತ ಶಿಕ್ಷಕಿ)

ಉತ್ತರ: ಅವಕಾಶ ಇದೆ, ಮೇಡಂ. ನಿಮ್ಮ ಪತ್ರದ ಕೊನೆಯ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಹೆಚ್ಚಿನವರು 'ಕಟ್ಟಡ ಒಡೆಸುವುದು ಹೇಗೆ' ಎಂದೇ ಕೇಳಿದ್ದರು. ನೀವು ಸರಿಯಾದ ಜಾಗಕ್ಕೆ ಕೈ ಹಾಕಿದ್ದೀರಿ.

ಮೊದಲು ಆ ಹಿಂಬರಹವನ್ನು ನೋಡೋಣ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ, 1976ರ 321ನೇ ಕಲಮಿನಲ್ಲಿ ಮೂರು ಹಂತಗಳಿವೆ. ಒಂದನೇ ಉಪಕಲಮಿನಲ್ಲಿ ತಾತ್ಕಾಲಿಕ ಆದೇಶ. ಎರಡನೆಯದರಲ್ಲಿ ಅದರ ಪ್ರತಿಯ ಜೊತೆಗೆ 'ಈ ಆದೇಶವನ್ನು ಏಕೆ ಖಾಯಂ ಮಾಡಬಾರದು' ಎಂದು ಮಾಲೀಕರನ್ನು ಕೇಳುವ ನೋಟಿಸು. ಮೂರನೆಯದರಲ್ಲಿ ದೃಢೀಕರಣ ಆದೇಶ. ಒಡೆಯುವ ಅಧಿಕಾರ ಬರುವುದು ಈ ಮೂರನೆಯದಾದ ಮೇಲೆ. ನಿಮಗೆ ಬಂದ ಹಿಂಬರಹ ಎರಡನೆಯ ಹಂತದ್ದು. ಬಹುಶಃ ಅಷ್ಟೂ ಅಲ್ಲ. ಯಾವ ಕಲಮೂ ಇಲ್ಲದ ಬರೀ ಒಂದು ಪತ್ರವನ್ನು ಕಳಿಸಿ ಅದನ್ನೇ ನೋಟಿಸು ಎಂದು ಕರೆದಿರುವ ಸಾಧ್ಯತೆಯೂ ಇದೆ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಇಂಥ ಕಡತಗಳನ್ನು ತಿರುವಿಹಾಕುತ್ತಲೇ ನನ್ನ ವಕೀಲಿಕೆಯ ಬಹುಪಾಲು ಕಳೆದಿದೆ. ಎರಡನೆಯ ಹಂತಕ್ಕೂ ಮೂರನೆಯ ಹಂತಕ್ಕೂ ನಡುವೆ ಕಡತ ನಿಂತುಬಿಡುತ್ತದೆ. ಅದು ನಿಂತಷ್ಟು ಕಾಲ ಕೆಲಸ ಮುಂದುವರಿಯುತ್ತದೆ. ಸೆಂಟರಿಂಗ್ ಬಿಚ್ಚಿ, ಬಣ್ಣ ಹೊಡೆದು, ಬಾಡಿಗೆದಾರರನ್ನು ತುಂಬಿದ ಮೇಲೆ 'ಈಗ ಜನ ವಾಸವಿದ್ದಾರೆ' ಎಂಬ ಷರಾ ಬರುತ್ತದೆ. ನಿಮ್ಮ ಎಂಜಿನಿಯರು ಹೇಳಿದ್ದೂ ಅದನ್ನೇ. ಆ ಕಷ್ಟವನ್ನು ತಂದಿಟ್ಟವರು ಯಾರು ಎಂದು ಅವರನ್ನು ಕೇಳುವ ಹಕ್ಕು ನಿಮಗಿದೆ.

ಅದೇ ಕಾಯ್ದೆಯಲ್ಲಿ 321ಬಿ ಎಂಬ ಕಲಮಿದೆ. ತಮ್ಮ ವ್ಯಾಪ್ತಿಯಲ್ಲಿ ನಡೆದ ಅನಧಿಕೃತ ನಿರ್ಮಾಣವನ್ನು ಅಥವಾ ನಕ್ಷೆಯ ಉಲ್ಲಂಘನೆಯನ್ನು ತಡೆಯಲು ವಿಫಲರಾದರು ಎಂದು ಸಾಬೀತಾದ ಅಧಿಕಾರಿ ಶಿಕ್ಷೆಗೆ ಒಳಗಾಗಬೇಕು ಎಂದು ಅದು ಹೇಳುತ್ತದೆ. ಲಂಚ ತೆಗೆದುಕೊಂಡರೆಂದು ಸಾಬೀತು ಮಾಡಬೇಕಾಗಿಲ್ಲ. ತಡೆಯಬೇಕಾಗಿತ್ತು, ತಡೆಯಲಿಲ್ಲ ಎಂಬುದೇ ಸಾಕು. ಆದರೆ ಈ ಕಲಮನ್ನು ಉಲ್ಲೇಖಿಸಿ ದೂರು ಕೊಡುವವರೇ ಅಪರೂಪ; ಅದರಡಿ ಶಿಕ್ಷೆಯಾದ ಅಧಿಕಾರಿಯನ್ನಂತೂ ನಾನು ಈವರೆಗೆ ಕಂಡಿಲ್ಲ. ಇದು ನನಗೆ ಸಿಟ್ಟು ಬರಿಸುವ ವಿಷಯ. ಶಾಸನಸಭೆ ಕೊಟ್ಟ ಅಸ್ತ್ರ ಪುಸ್ತಕದಲ್ಲೇ ಉಳಿದಿದೆ. ಅಕ್ರಮ ಕಟ್ಟಡದ ಪ್ರತಿ ದೂರಿನಲ್ಲೂ ಇಬ್ಬರ ಮೇಲೆ ಆರೋಪ ಇರಬೇಕು: ಕಟ್ಟಿದವರು ಮತ್ತು ಕಟ್ಟಲು ಬಿಟ್ಟವರು. ನಮ್ಮ ದೂರುಗಳಲ್ಲಿ ಎರಡನೆಯವರು ಇರುವುದೇ ಇಲ್ಲ. ಅವರಿಗೇ ನಾವು ದೂರು ಬರೆದಿರುತ್ತೇವೆ.

ಹಾಗಾದರೆ ಎರಡನೆಯವರನ್ನು ಹಿಡಿಯುವುದು ಹೇಗೆ? ಕಡತದ ಮೂಲಕ. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕೊಟ್ಟು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದು 150 ಪದಗಳನ್ನು ಮೀರಬಾರದು. ಈ ಎರಡು ಕಾರಣ ಕೊಟ್ಟು ಅರ್ಜಿ ತಿರಸ್ಕರಿಸುವುದು ಕಚೇರಿಗಳಿಗೆ ಬಹಳ ಸುಲಭ. ಹಾಗಾಗಿ ಅರ್ಜಿಗಳನ್ನು ಬಿಡಿಬಿಡಿಯಾಗಿ ಹಾಕಿ. ಒಂದರಲ್ಲಿ ಅಂಗೀಕೃತ ನಕ್ಷೆ ಮತ್ತು ಪರವಾನಗಿಯ ಪ್ರತಿ. ಇನ್ನೊಂದರಲ್ಲಿ ನಿಮ್ಮ ದೂರಿನ ಮೇಲೆ ತೆಗೆದುಕೊಂಡ ಕ್ರಮದ ಪೂರ್ತಿ ಕಡತ, ಟಿಪ್ಪಣಿ ಹಾಳೆಗಳ ಸಮೇತ. ಮಗದೊಂದರಲ್ಲಿ ಸ್ಥಳ ತನಿಖೆಯ ವರದಿಗಳು, ಮಹಜರು, ಫೋಟೊಗಳು. ಮತ್ತೊಂದರಲ್ಲಿ ಪಾಯ ಹಾಕಿದಂದಿನಿಂದ ಇಂದಿನವರೆಗೆ ಆ ವಾರ್ಡಿನ ಸಹಾಯಕ ಎಂಜಿನಿಯರ್ ಮತ್ತು ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಹುದ್ದೆಗಳಲ್ಲಿ ಯಾರು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇದ್ದರು ಎಂಬ ವಿವರ. ಟಿಪ್ಪಣಿ ಹಾಳೆಗಳನ್ನು ಮರೆಯದೆ ಕೇಳಿ. ಯಾರು ಏನು ಬರೆದರು, ಕಡತ ಯಾರ ಮೇಜಿಗೆ ಯಾವತ್ತು ಹೋಯಿತು, ಅಲ್ಲಿ ಎಷ್ಟು ದಿನ ಇತ್ತು ಎಂಬುದೆಲ್ಲ ಇರುವುದು ಅಲ್ಲಿಯೇ. ಪ್ರತಿ ಕೇಳುವುದಕ್ಕಿಂತ ಕಡತವನ್ನೇ ಪರಿಶೀಲಿಸಲು ಅವಕಾಶ ಕೇಳಿದರೆ ಇನ್ನೂ ಒಳ್ಳೆಯದು. ಕಾಯ್ದೆ ಆ ಹಕ್ಕನ್ನೂ ಕೊಟ್ಟಿದೆ. ಜೊತೆಗೆ ಓದುಬರಹದಲ್ಲಿ ನುರಿತ ಒಬ್ಬರನ್ನು ಕರೆದುಕೊಂಡು ಹೋಗಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿ, ಅದಾದ ಮೇಲೆ ಮಾಹಿತಿ ಆಯೋಗ. ಆಯೋಗ ದಂಡ ಹಾಕಿದರೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ಮಾಹಿತಿ ಅಧಿಕಾರಿಯೇ ತಮ್ಮ ಕಿಸೆಯಿಂದ ಕೊಡಬೇಕು.

ಕಡತ ಕೈಗೆ ಬಂದ ಮೇಲೆ ಒಂದು ಹಾಳೆಯಲ್ಲಿ ತಾರೀಖುಗಳ ಪಟ್ಟಿ ಮಾಡಿ. ನೀವು ದೂರು ಕೊಟ್ಟ ದಿನ, ಆಗ ಎದ್ದಿದ್ದ ಅಂತಸ್ತುಗಳು, ನೋಟಿಸಿನ ದಿನ, ಮುಂದಿನ ಮೋಲ್ಡಿಂಗಿನ ದಿನ, ಆ ದಿನ ಹುದ್ದೆಯಲ್ಲಿದ್ದವರು. ಆಗ ಹೊಸದಾಗಿ ಆಯುಕ್ತರಿಗೆ ಇನ್ನೊಂದು ದೂರು ಬರೆಯಿರಿ. ಈ ಸಲ ವಿಷಯ ಕಟ್ಟಡವಲ್ಲ. 321ಬಿ ಅಡಿಯಲ್ಲಿ ಇಂಥ ಹುದ್ದೆಯವರ ಮೇಲೆ ಕ್ರಮ. ಟಪಾಲು ವಿಭಾಗದಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಅದಕ್ಕೂ ಉತ್ತರ ಬರದಿದ್ದರೆ ಲೋಕಾಯುಕ್ತಕ್ಕೆ ಹೋಗಿ. ಅಲ್ಲಿ ನಿಗದಿತ ನಮೂನೆಯ ಜೊತೆಗೆ ಪ್ರಮಾಣಪತ್ರ ಬೇಕಾಗುತ್ತದೆ. ಅವಧಿಯ ಬಗ್ಗೆ ಎಚ್ಚರವಿರಲಿ: ಕುಂದುಕೊರತೆ ಎಂದು ದೂರುವುದಾದರೆ ವಿಷಯ ತಿಳಿದ ಆರು ತಿಂಗಳೊಳಗೆ, ಅಧಿಕಾರ ದುರುಪಯೋಗದಂಥ ಆರೋಪವಾದರೆ ಕೃತ್ಯ ನಡೆದ ಐದು ವರ್ಷದೊಳಗೆ.

ಬಾಡಿಗೆದಾರರ ವಿಷಯಕ್ಕೂ ಬರುತ್ತೇನೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ರಾಜೇಂದ್ರ ಕುಮಾರ್ ಬರ್ಜಾತ್ಯ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ನೀವು ಇಟ್ಟುಕೊಳ್ಳಬೇಕು. ಅದು ಮೇರಠದ ಶಾಸ್ತ್ರಿ ನಗರದ್ದು. ವಾಸಕ್ಕೆಂದು ಕೊಟ್ಟ ನಿವೇಶನದಲ್ಲಿ ಅಂಗಡಿ ಸಾಲು ಎದ್ದಿತ್ತು. ಎಷ್ಟೋ ವರ್ಷ ಕಳೆದಿದೆ, ಹಣ ಹೂಡಿದ್ದೇವೆ, ಅಧಿಕಾರಿಗಳು ಸುಮ್ಮನಿದ್ದರು ಎಂಬ ಕಾರಣಕ್ಕೆ ಅಕ್ರಮ ಸಕ್ರಮವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹೇಳಿ ನಿಲ್ಲಲಿಲ್ಲ. ಕಟ್ಟುವ ಜಾಗದಲ್ಲಿ ಅಂಗೀಕೃತ ನಕ್ಷೆ ಕಾಣುವಂತೆ ಇರಬೇಕು. ಅಧಿಕಾರಿಗಳು ಆಗಾಗ ತಪಾಸಣೆ ಮಾಡಿ ದಾಖಲಿಸಬೇಕು. ಪೂರ್ಣಗೊಂಡ ಅಥವಾ ಸ್ವಾಧೀನಾನುಭವದ ಪ್ರಮಾಣಪತ್ರ ನೋಡದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು. ಅಕ್ರಮ ಕಟ್ಟಡದಲ್ಲಿ ವ್ಯಾಪಾರಕ್ಕೆ ಪರವಾನಗಿ ಕೊಡಬಾರದು. ಬ್ಯಾಂಕುಗಳೂ ಪತ್ರ ನೋಡಿಯೇ ಸಾಲ ಕೊಡಬೇಕು. ಈ ನಿರ್ದೇಶನ ಪಾಲಿಸದ ಅಧಿಕಾರಿಯ ಮೇಲೆ ಇಲಾಖಾ ಕ್ರಮದ ಜೊತೆಗೆ ನ್ಯಾಯಾಂಗ ನಿಂದನೆಯ ಕ್ರಮವೂ ಆಗಬೇಕು ಎಂದು ಆದೇಶಿಸಿತು. ನಮ್ಮಲ್ಲಿ ಈ ತೀರ್ಪಿನ ಬಿಸಿ ಮೊದಲು ತಟ್ಟಿದ್ದು ಸ್ವಂತಕ್ಕೆ ಪುಟ್ಟ ಮನೆ ಕಟ್ಟಿಕೊಂಡವರಿಗೆ. ಮೀಟರ್ ಸಿಗದೆ ಅವರು ಪರದಾಡಿದರು, ಆಮೇಲೆ ಸಣ್ಣ ನಿವೇಶನಗಳಿಗೆ ಸರ್ಕಾರ ವಿನಾಯಿತಿ ತಂದಿತು. ನಿಮ್ಮ ಪಕ್ಕದ ಐದು ಅಂತಸ್ತಿಗೆ ಮೀಟರ್ ಬಂದದ್ದು ಯಾವ ಪತ್ರದ ಮೇಲೆ? ಅದನ್ನೂ ಒಂದು ಅರ್ಜಿಯಲ್ಲಿ ಕೇಳಿ. ಸಂಪರ್ಕ ಕೊಟ್ಟವರ ಸಹಿಯೂ ಎಲ್ಲೋ ಇದ್ದೇ ಇರುತ್ತದೆ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಉದ್ಯಾನದ ಜಾಗಕ್ಕೆ ಪರವಾನಗಿ ಕೊಟ್ಟ ಅಧಿಕಾರಿ ವರ್ಗವಾಗಿ ಹೋಗಿದ್ದಾರೆ, ಬರುವ ವರ್ಷ ನಿವೃತ್ತರಾಗುತ್ತಾರಂತೆ. ನಿವೃತ್ತಿಯಾದರೆ ಮುಗಿಯಿತೇ?

ಉತ್ತರ: ವರ್ಗಾವಣೆಯಿಂದ ಏನೂ ಮುಗಿಯುವುದಿಲ್ಲ. ನಿವೃತ್ತಿಯಿಂದ ಮುಗಿಯಬಹುದು, ಆದ್ದರಿಂದ ತಡ ಮಾಡಬೇಡಿ. ಕರ್ನಾಟಕ ನಾಗರಿಕ ಸೇವಾ ನಿಯಮಗಳ 214ನೇ ನಿಯಮದ ಪ್ರಕಾರ, ಸೇವೆಯಲ್ಲಿದ್ದಾಗಲೇ ಆರಂಭವಾದ ಇಲಾಖಾ ವಿಚಾರಣೆ ನಿವೃತ್ತಿಯ ನಂತರವೂ ಮುಂದುವರಿಯುತ್ತದೆ, ತಪ್ಪು ಸಾಬೀತಾದರೆ ಪಿಂಚಣಿಯನ್ನು ತಡೆಹಿಡಿಯಬಹುದು ಅಥವಾ ನಷ್ಟವನ್ನು ಅದರಿಂದ ವಸೂಲು ಮಾಡಬಹುದು. ಆದರೆ ನಿವೃತ್ತಿಯ ನಂತರ ಹೊಸದಾಗಿ ವಿಚಾರಣೆ ಆರಂಭಿಸಬೇಕಾದರೆ ಘಟನೆ ನಡೆದು ನಾಲ್ಕು ವರ್ಷ ದಾಟಿರಬಾರದು. ಎಷ್ಟೋ ಒಳ್ಳೆಯ ಪ್ರಕರಣಗಳು ಈ ನಾಲ್ಕು ವರ್ಷದ ಗೋಡೆಗೆ ಬಡಿದು ಬಿದ್ದಿವೆ. ತನಿಖೆಗೆ ಒಂದು ವರ್ಷ, ವರದಿಗೆ ಒಂದು ವರ್ಷ, ಸಚಿವಾಲಯದಲ್ಲಿ ಅನುಮತಿಗೆ ಇನ್ನಷ್ಟು ಕಾಲ ಹೋದರೆ ಯಾರೂ ಯಾರನ್ನೂ ರಕ್ಷಿಸಬೇಕಾಗಿಲ್ಲ, ಕಾಲವೇ ರಕ್ಷಿಸುತ್ತದೆ. ಪರವಾನಗಿಯ ದಿನಾಂಕ ಹಿಡಿದು ಇಂದೇ ಲೆಕ್ಕ ಹಾಕಿ. ದೂರಿನ ಮೊದಲ ಸಾಲಿನಲ್ಲೇ 'ಸದರಿ ಅಧಿಕಾರಿ ಇಂಥ ತಿಂಗಳು ನಿವೃತ್ತರಾಗಲಿದ್ದಾರೆ, ಅದರೊಳಗೆ ಆರೋಪ ಪಟ್ಟಿ ಜಾರಿ ಮಾಡಬೇಕು' ಎಂದು ಬರೆಯಿರಿ. ಈ ಸಾಲು ಇದ್ದರೆ ಕಡತ ತಡೆಹಿಡಿದವರೂ ಮುಂದೆ ಉತ್ತರ ಕೊಡಬೇಕಾಗುತ್ತದೆ.

ಪ್ರಶ್ನೆ: ಧಾರವಾಡದಲ್ಲಿ ಕಟ್ಟಡ ಕುಸಿದಾಗಲೂ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕುಸಿದಾಗಲೂ ಅಧಿಕಾರಿಗಳನ್ನು ಅಮಾನತು ಮಾಡಿದರು ಎಂದು ಓದಿದೆ. ಅಮಾನತು ಎಂದರೆ ಶಿಕ್ಷೆಯೇ? (ಕಾನೂನು ವಿದ್ಯಾರ್ಥಿ)

ಉತ್ತರ: ಅಲ್ಲ. ವಿಚಾರಣೆಗೆ ಅಡ್ಡಿಯಾಗದಿರಲಿ ಎಂದು ಅಧಿಕಾರಿಯನ್ನು ತಾತ್ಕಾಲಿಕವಾಗಿ ಹುದ್ದೆಯಿಂದ ದೂರ ಇಡುವ ಕ್ರಮ ಅದು. ಆ ಅವಧಿಯಲ್ಲಿ ಜೀವನಾಧಾರ ಭತ್ಯೆ ಸಿಗುತ್ತದೆ. ಅಮಾನತು ತೆರವಾದರೆ ಇನ್ನೊಂದು ಕುರ್ಚಿಯೂ ಸಿಗುತ್ತದೆ. ಪತ್ರಿಕೆಗಳಲ್ಲಿ ಅಮಾನತಿನ ಸುದ್ದಿ ಮುಖಪುಟದಲ್ಲಿರುತ್ತದೆ, ತೆರವಿನ ಸುದ್ದಿ ಎಲ್ಲಿಯೂ ಇರುವುದಿಲ್ಲ.

2019ರ ಮಾರ್ಚ್ 19ರಂದು ಇಲ್ಲಿನ ಕುಮಾರೇಶ್ವರ ನಗರದಲ್ಲಿ ಬಿದ್ದ ಕಟ್ಟಡದಲ್ಲಿ 19 ಜನ ಸತ್ತರು. ಮೇಲೆ ಕೆಲಸ ಇನ್ನೂ ನಡೆಯುತ್ತಿತ್ತು, ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು. ಅವಶೇಷದ ಅಡಿಯಿಂದ ಜನರನ್ನು ತೆಗೆಯುವ ಕೆಲಸ ದಿನಗಟ್ಟಲೆ ನಡೆಯಿತು. ಊರಿಗೆ ಊರೇ ಆ ಬೀದಿಯಲ್ಲಿ ನಿಂತಿತ್ತು. ಕಾಯ್ದೆಯ 310ನೇ ಕಲಮು ಪೂರ್ಣಗೊಂಡ ಪ್ರಮಾಣಪತ್ರ ಮತ್ತು ವಾಸದ ಅನುಮತಿಯ ಬಗ್ಗೆಯೇ ಇದೆ. ಅರೆಬರೆ ಕಟ್ಟಡದೊಳಗೆ ಅಂಗಡಿ ತೆರೆದದ್ದನ್ನು ದಿನವೂ ಆ ದಾರಿಯಲ್ಲಿ ಓಡಾಡುವ ಜನ ನೋಡಿದ್ದರು. ನೋಡುವುದೇ ಕೆಲಸವಾಗಿದ್ದವರು ಏನು ಬರೆದಿಟ್ಟಿದ್ದರು? ನೀವು ವಿದ್ಯಾರ್ಥಿ, ಯಾವುದೇ ಕುಸಿತದ ಸುದ್ದಿ ಓದಿದಾಗ ಮೊದಲು ಈ ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಿ. ಬಾಬುಸಾಪಾಳ್ಯದ್ದು 2024ರ ಅಕ್ಟೋಬರ್ 22. ಮಳೆಗಾಲದ ಒಂದು ದಿನ, ಕಟ್ಟುತ್ತಿದ್ದ ಕಟ್ಟಡವೇ ಕಾರ್ಮಿಕರ ಮೇಲೆ ಬಿತ್ತು.

ಕಾನೂನಿನ ಭಾಗ ಹೀಗಿದೆ. ಅಧಿಕಾರಿಯ ಮೇಲೆ ಕ್ರಿಮಿನಲ್ ಪ್ರಕರಣ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕಾಗುವ ಸಂದರ್ಭಗಳಿವೆ. ಹಿಂದೆ ಆ ಅನುಮತಿಯ ಕಡತ ಎಷ್ಟು ಕಾಲ ಬೇಕಾದರೂ ಮಲಗಬಹುದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮು 120 ದಿನದ ಗಡುವು ಹಾಕಿದೆ. ಅಷ್ಟರಲ್ಲಿ ತೀರ್ಮಾನ ಆಗದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸಲಾಗುತ್ತದೆ. ಭ್ರಷ್ಟಾಚಾರ ತಡೆ ಕಾಯ್ದೆಯ ಅನುಮತಿಯ ದಾರಿ ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಪರಿಹಾರದ ಹಣ ಯಾರದು? ಬಹುತೇಕ ತೆರಿಗೆ ಕಟ್ಟುವವರದೇ. ಲಖನೌ ಅಭಿವೃದ್ಧಿ ಪ್ರಾಧಿಕಾರದ ವಿರುದ್ಧದ ಎಂ.ಕೆ. ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ದಾರಿ ತೋರಿಸಿದೆ. ಜನರನ್ನು ಸತಾಯಿಸಿದ್ದಕ್ಕೆ ಕೊಡಬೇಕಾದ ಪರಿಹಾರವನ್ನು ಪ್ರಾಧಿಕಾರ ಮೊದಲು ಕೊಟ್ಟು, ಆಮೇಲೆ ಹೊಣೆಗಾರ ಅಧಿಕಾರಿಗಳನ್ನು ಗುರುತಿಸಿ ಅವರಿಂದಲೇ ವಸೂಲು ಮಾಡಬೇಕು ಎಂದಿತು. ಮೂವತ್ತು ವರ್ಷ ದಾಟಿದ ತೀರ್ಪು ಅದು. ರಿಟ್ ಅರ್ಜಿಗಳಲ್ಲಿ ಈ ಬೇಡಿಕೆಯನ್ನು ಸೇರಿಸಿ ಎಂದು ನನ್ನ ಕಿರಿಯ ಸಹೋದ್ಯೋಗಿಗಳಿಗೆ ಪ್ರತಿ ಸಲ ಹೇಳುತ್ತೇನೆ.

ಪ್ರಶ್ನೆ: ನಾನೊಬ್ಬ ಸಹಾಯಕ ಎಂಜಿನಿಯರ್. ನಿಮ್ಮ ಅಂಕಣದಲ್ಲಿ ಎಂಜಿನಿಯರುಗಳ ಬಗ್ಗೆ ಕಟುವಾಗಿ ಬರೆಯುತ್ತೀರಿ. ನೋಟಿಸು ಬರೆದ ದಿನವೇ ದೊಡ್ಡವರ ಮನೆಯಿಂದ ಫೋನ್ ಬರುತ್ತದೆ. ಮೇಲಧಿಕಾರಿ 'ಸ್ವಲ್ಪ ತಡೆಯಿರಿ' ಎನ್ನುತ್ತಾರೆ. ತಡೆಯದಿದ್ದರೆ ವರ್ಗಾವಣೆ. ಏನಾದರೂ ಆದರೆ ಅಮಾನತಾಗುವವನು ನಾನು. ಎಲ್ಲ ಹೊಣೆಯೂ ನಮ್ಮ ಮೇಲೆಯೇ ಏಕೆ?

ಉತ್ತರ: ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ನೀವು ಹೇಳಿದ್ದು ನಿಜ, ಕೆಳಗಿನ ಹುದ್ದೆಯವರನ್ನು ಹಿಡಿದು ಮೇಲಿನವರನ್ನು ಬಿಡುವುದು ಹೊಣೆಗಾರಿಕೆಯಲ್ಲ. ಸಹಾಯಕ ಎಂಜಿನಿಯರಿನ ಅಮಾನತಿನೊಂದಿಗೆ ಕಡತ ಮುಚ್ಚುವುದನ್ನು ನಾನೂ ಕಂಡಿದ್ದೇನೆ, ಅದು ನನಗೂ ಸಹಿಸಲಾಗದ ಅನ್ಯಾಯ.

ಆದರೆ ನಿಮ್ಮನ್ನು ಉಳಿಸುವುದೂ ಆ ಕಡತವೇ. 'ಸ್ವಲ್ಪ ತಡೆಯಿರಿ' ಎಂಬ ಮಾತು ಈಗ ಎಲ್ಲಿದೆ? ನಿಮ್ಮ ನೆನಪಿನಲ್ಲಿ ಮಾತ್ರ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ನಾಗರಿಕ ಸೇವೆಯಲ್ಲಿರುವವರು ಬಾಯಿಮಾತಿನ ಸೂಚನೆಗಳ ಮೇಲೆ ಕೆಲಸ ಮಾಡಬಾರದು, ಅವನ್ನು ದಾಖಲಿಸಬೇಕು. ಮೇಲಧಿಕಾರಿ ಬಾಯಲ್ಲಿ ಹೇಳಿದ ದಿನವೇ ಟಿಪ್ಪಣಿ ಹಾಳೆಯಲ್ಲಿ ಹೀಗೆ ಬರೆಯಿರಿ: 'ಇಂದು ಇಷ್ಟು ಗಂಟೆಗೆ ಮಾನ್ಯ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅವರು ಕ್ರಮವನ್ನು ಮುಂದೂಡಲು ಮೌಖಿಕವಾಗಿ ಸೂಚಿಸಿರುತ್ತಾರೆ. ಲಿಖಿತ ಆದೇಶಕ್ಕಾಗಿ ಮಂಡಿಸಿದೆ.' ಇದರಲ್ಲಿ ಆರೋಪವೂ ಇಲ್ಲ, ಅವಿಧೇಯತೆಯೂ ಇಲ್ಲ. ಫೋಟೊ ತೆಗೆಯಿರಿ, ತಾರೀಖು ಹಾಕಿ, ಕಡತಕ್ಕೆ ಸೇರಿಸಿ. ವರ್ಗವಾದರೆ ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಬಾಕಿ ಇರುವ ಪ್ರತಿ ಅಕ್ರಮ ಕಟ್ಟಡವನ್ನೂ ನಮೂದಿಸಿ ಸಹಿ ಪಡೆಯಿರಿ. ಮುಂದೆ ಯಾರಾದರೂ ಮಾಹಿತಿ ಹಕ್ಕಿನಡಿ ಕಡತ ತೆಗೆದಾಗ ನಿಮ್ಮ ಸಹಿಯ ಮೇಲೆ ಒಂದು ಸಾಲು ಇರುತ್ತದೆ, ಪ್ರಶ್ನೆ ಮುಂದಿನ ಮೇಜಿಗೆ ಹೋಗುತ್ತದೆ.

ನಾನು ಕಟುವಾಗಿ ಬರೆಯುವುದು ಏನನ್ನೂ ಬರೆದಿಡದ ಎಂಜಿನಿಯರುಗಳ ಬಗ್ಗೆ. ಹೀಗೆ ಬರೆದಿಟ್ಟ ಕಾರಣಕ್ಕೆ ನಿಮ್ಮನ್ನು ವರ್ಗ ಮಾಡಿದರೆ, ಅವಧಿಗೆ ಮುನ್ನ ಮಾಡಿದ ಆ ವರ್ಗಾವಣೆಯನ್ನು ಕರ್ನಾಟಕ ಆಡಳಿತ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬಹುದೇ ಎಂದು ನೋಡೋಣ, ನೇಮಕಾತಿ ಪತ್ರದೊಂದಿಗೆ ಬನ್ನಿ. ಪಾಲಿಕೆಯ ಸ್ವಂತ ನೌಕರರಿಗೂ ಸರ್ಕಾರದಿಂದ ನಿಯೋಜನೆಯ ಮೇಲೆ ಬಂದವರಿಗೂ ದಾರಿ ಬೇರೆಬೇರೆ.

ಪ್ರಶ್ನೆ: 'ಅಕ್ರಮ ಸಕ್ರಮ ಬರಲಿದೆ, ಅಲ್ಲಿಯವರೆಗೆ ಕ್ರಮ ಬೇಡ' ಎಂದು ನಗರಸಭೆಯವರು ಬಾಯಲ್ಲಿ ಹೇಳುತ್ತಾರೆ. ಸರಿಯೇ?

ಉತ್ತರ: ತಪ್ಪು. ವಾಸದ ಕಟ್ಟಡಕ್ಕೆ ಶೇ 50, ವಾಣಿಜ್ಯ ಕಟ್ಟಡಕ್ಕೆ ಶೇ 25ರವರೆಗಿನ ಉಲ್ಲಂಘನೆಯನ್ನು ಸಕ್ರಮಗೊಳಿಸುವ ಆ ಯೋಜನೆಯನ್ನು ಹೈಕೋರ್ಟ್ 2016ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. ತಡೆ ಇರುವುದು ಸಕ್ರಮ ಮಾಡುವುದಕ್ಕೆ, ಅಕ್ರಮವನ್ನು ತಡೆಯುವುದಕ್ಕಲ್ಲ. ಬಾಯಲ್ಲಿ ಹೇಳಿದ್ದನ್ನೇ ಹಿಂಬರಹದಲ್ಲಿ ಕೊಡಿ ಎಂದು ಕೇಳಿ. ಕೊಡಲಾರರು.

ಪ್ರಶ್ನೆ: ನಮ್ಮ ಬೇಕರಿಯ ಮುಂದಿನ ಶೀಟಿನ ಮಾಡನ್ನೂ ಪಕ್ಕದ ಗೋಡೆಯನ್ನೂ ಬೆಳಿಗ್ಗೆ ಬಂದು ಜೆಸಿಬಿಯಿಂದ ಕೆಡವಿದರು. ಯಾವ ನೋಟಿಸೂ ಇರಲಿಲ್ಲ. ಅದೇ ಬೀದಿಯಲ್ಲಿ ಚರಂಡಿಯ ಮೇಲೆಯೇ ನಿಂತ ಕಲ್ಯಾಣ ಮಂಟಪಕ್ಕೆ ಯಾರೂ ಕೈ ಹಚ್ಚಿಲ್ಲ. ಅಧಿಕಾರಿಗಳಿಂದ ನಷ್ಟ ವಸೂಲು ಮಾಡಬಹುದೇ?

ಉತ್ತರ: ಒಂದು ಭಾಗಕ್ಕೆ ಹೌದು, ಒಂದು ಭಾಗಕ್ಕೆ ಇಲ್ಲ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಇಡೀ ದೇಶಕ್ಕೆ ಅನ್ವಯಿಸುವಂತೆ ನಿರ್ದೇಶನ ಕೊಟ್ಟಿದೆ. ಕನಿಷ್ಠ 15 ದಿನದ ನೋಟಿಸು ಇಲ್ಲದೆ ಕಟ್ಟಡ ಕೆಡವಬಾರದು. ಅದು ನೋಂದಾಯಿತ ಅಂಚೆಯಲ್ಲಿ ಬರಬೇಕು, ಕಟ್ಟಡದ ಮೇಲೂ ಅಂಟಿಸಬೇಕು. ವೈಯಕ್ತಿಕ ವಿಚಾರಣೆ ಆಗಬೇಕು, ಆದೇಶದಲ್ಲಿ ಕಾರಣ ಇರಬೇಕು, ಕೆಡವುವುದನ್ನು ವಿಡಿಯೊ ಮಾಡಬೇಕು. ಇದನ್ನು ಮೀರಿದ ಅಧಿಕಾರಿ ಕೆಡವಿದ್ದನ್ನು ತಮ್ಮ ಸ್ವಂತ ಖರ್ಚಿನಲ್ಲಿ ಕಟ್ಟಿಸಿಕೊಡಬೇಕು, ಜೊತೆಗೆ ನಷ್ಟ ಪರಿಹಾರವನ್ನೂ ಕೊಡಬೇಕು ಎಂದು ಆದೇಶದಲ್ಲೇ ಇದೆ. ನಿಮ್ಮ ಸ್ವಂತ ನಿವೇಶನದೊಳಗಿನ ಗೋಡೆಗೆ ಈ ರಕ್ಷಣೆ ಸಿಗುತ್ತದೆ. ಆದರೆ ರಸ್ತೆ, ಕಾಲುದಾರಿ, ನದಿ, ಕೆರೆಕುಂಟೆಗಳಂಥ ಸಾರ್ವಜನಿಕ ಜಾಗದ ಅತಿಕ್ರಮಣಕ್ಕೆ ಇದು ಅನ್ವಯಿಸುವುದಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ. ಮಾಡು ಕಾಲುದಾರಿಯ ಮೇಲೆ ಚಾಚಿತ್ತೇ? ಚಾಚಿದ್ದರೆ ಅದನ್ನು ಬಿಟ್ಟುಬಿಡಿ. ಕಾಲುದಾರಿ ನಡೆಯುವವರದು.

ಕಲ್ಯಾಣ ಮಂಟಪದ ಬಗ್ಗೆ ಬೇರೆ ದೂರು ಕೊಡಿ. 'ಅವರದ್ದಿದೆ, ನನ್ನದೂ ಇರಲಿ' ಎಂಬ ವಾದವನ್ನು ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ. 'ನನ್ನದನ್ನು ತೆಗೆದ ದಿನ, ಅದೇ ಬೀದಿಯ ಅದನ್ನು ಏಕೆ ತೆಗೆಯಲಿಲ್ಲ ಎಂಬುದಕ್ಕೆ ಕಡತದಲ್ಲಿ ಏನು ಕಾರಣ ಬರೆದಿದ್ದೀರಿ' ಎಂಬ ಪ್ರಶ್ನೆಗೆ ಮಾತ್ರ ಅಧಿಕಾರಿ ಉತ್ತರಿಸಲೇಬೇಕು.

ಪ್ರಶ್ನೆ: ಊರ ಹೊರಗಿನ ಲೇಔಟಿನಲ್ಲಿ ನಿವೇಶನ ಕೊಂಡೆವು. ಪಂಚಾಯಿತಿಯಿಂದ ನಮೂನೆ 9 ಎಂಬ ಆಸ್ತಿ ದಾಖಲೆ ಬಂದಿತ್ತು. ಈಗ ನೋಡಿದರೆ ಲೇಔಟಿಗೆ ಅನುಮೋದನೆಯೇ ಇಲ್ಲ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಲೆ ದೂರು ಎಲ್ಲಿ ಕೊಡಬೇಕು?

ಉತ್ತರ: ಭೂಪರಿವರ್ತನೆ ಮತ್ತು ಅನುಮೋದಿತ ನಕ್ಷೆ ಇರುವ ಆಸ್ತಿಗೆ ನಮೂನೆ 9 ಮತ್ತು 11ಎ, ಅವಿಲ್ಲದ ಆಸ್ತಿಗೆ 11ಬಿ. ಪಂಚಾಯಿತಿಗಳ ಆಸ್ತಿ ದಾಖಲೆಯ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಸಿದ್ಧವಾಗಬೇಕಾದರೆ ಆಧಾರವೆಂದು ಯಾವುದೋ ದಾಖಲೆಯನ್ನು ಸೇರಿಸಿರಲೇಬೇಕು. ಆ ದಾಖಲೆಯ ಪ್ರತಿ ಮತ್ತು ಅನುಮೋದಿಸಿದವರ ವಿವರವನ್ನು ಮಾಹಿತಿ ಹಕ್ಕಿನಡಿ ಕೇಳಿ. ಅನಂತರ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೂ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೂ ಒಟ್ಟಿಗೆ ದೂರು ಕೊಡಿ. ಪಿಡಿಒ ಲೋಕಾಯುಕ್ತದ ವ್ಯಾಪ್ತಿಗೂ ಬರುತ್ತಾರೆ. ನಿವೇಶನ ಮಾರಿದವರ ಮೇಲಿನ ಮೋಸದ ದೂರನ್ನು ಪೊಲೀಸರಿಗೆ ಪ್ರತ್ಯೇಕವಾಗಿ ಕೊಡಿ. ಕಟ್ಟುವ ಕೆಲಸವನ್ನು ಸದ್ಯಕ್ಕೆ ಆರಂಭಿಸಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕಾರ್ಪೊರೇಟರ್ ಇಲ್ಲ, ಬಿಬಿಎಂಪಿಯೂ ಹೋಗಿ ಐದು ಪಾಲಿಕೆಗಳಾದವು. ಹಳೆಯ ದೂರುಗಳ ಗತಿ ಏನು?

ಉತ್ತರ: ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಲ್ಲಿಂದ ಐದು ವರ್ಷಕ್ಕೂ ಹೆಚ್ಚು ಕಾಲ ಆ ಮಹಾನಗರವನ್ನು ಅಧಿಕಾರಿಗಳೇ ನಡೆಸಿದರು. ವಾರ್ಡಿನಲ್ಲಿ ನಿಂತು ಕೇಳುವವರಿಲ್ಲದ ಕಾಲದಲ್ಲಿ ಎಷ್ಟು ಅಂತಸ್ತು ಎದ್ದವು ಎಂಬುದು ಅಲ್ಲಿನವರಿಗೇ ಗೊತ್ತು. 2025ರ ಸೆಪ್ಟೆಂಬರ್ 2ರಂದು ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಹಳೆಯ ಸಂಸ್ಥೆಯ ಹೊಣೆಗಳು ಹೊಸದಕ್ಕೆ ದಾಟುತ್ತವೆ, ದೂರು ಸಾಯುವುದಿಲ್ಲ. ಮೊದಲು ನಿಮ್ಮ ಬೀದಿ ಈಗ ಯಾವ ಪಾಲಿಕೆಗೆ ಸೇರಿದೆ ಎಂದು ಖಚಿತಪಡಿಸಿಕೊಂಡು, ಹಳೆಯ ದೂರಿನ ಸ್ವೀಕೃತಿ ಲಗತ್ತಿಸಿ ಅಲ್ಲಿನ ಆಯುಕ್ತರಿಗೆ ನೆನಪೋಲೆ ಕೊಡಿ. ಕಾನೂನು ಯಾವುದೆಂದು ತಾರೀಖು ನೋಡಿ ಬರೆಯಿರಿ: 2021ರ ಜನವರಿ 11ಕ್ಕೆ ಮೊದಲಿನ ಕ್ರಮವಾದರೆ 1976ರ ಕಾಯ್ದೆಯ 321, ಆಮೇಲಿನದಾದರೆ ಬಿಬಿಎಂಪಿ ಕಾಯ್ದೆ, 2020ರ 248, ಹೊಸದಾಗಿ ಎದ್ದ ಕಟ್ಟಡವಾದರೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ, 2024. ಕಡತ ಸಿಗುತ್ತಿಲ್ಲ ಎಂಬ ಉತ್ತರ ಬಂದರೆ, ಹಸ್ತಾಂತರದ ಪಟ್ಟಿಯ ಪ್ರತಿ ಕೇಳಿ.

ಪ್ರಶ್ನೆ: ದೂರು ಕೊಟ್ಟ ಸಂಜೆಯೇ ಕಟ್ಟಡದ ಮಾಲೀಕರು ನನ್ನ ದೂರಿನ ಪ್ರತಿ ಹಿಡಿದು ಮನೆಗೆ ಬಂದರು. ನನಗೆ ಭಯವಾಗಿದೆ. ಹಿಂದೆಗೆದುಕೊಳ್ಳಲೇ?

ಉತ್ತರ: ಹಿಂದೆಗೆದುಕೊಳ್ಳಬೇಡಿ, ಆದರೆ ಒಬ್ಬರೇ ನಿಲ್ಲಲೂ ಬೇಡಿ. ಮಾಲೀಕರು ಬಂದ ದಿನ, ಗಂಟೆ, ಆಡಿದ ಮಾತು, ಅವರ ಕೈಯಲ್ಲಿದ್ದ ಪ್ರತಿಯಲ್ಲಿ ಕಚೇರಿಯ ಸ್ವೀಕೃತಿ ಮುದ್ರೆ ಇತ್ತೇ ಎಂಬುದನ್ನು ಇವತ್ತೇ ಬರೆದಿಟ್ಟು ಪೊಲೀಸ್ ಠಾಣೆಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮುದ್ರೆ ಇತ್ತೆಂದಾದರೆ ಪ್ರತಿ ಹೊರಗೆ ಹೋದದ್ದು ಕಚೇರಿಯಿಂದ. ಆ ದಿನ ಟಪಾಲು ಯಾರ ಕೈಯಲ್ಲಿತ್ತು, ಯಾರ ಮೇಜಿಗೆ ಹೋಯಿತು ಎಂಬ ತನಿಖೆಗೆ ಆಯುಕ್ತರಿಗೆ ಬರೆಯಿರಿ. ದೂರುದಾರರನ್ನು ಅಪಾಯಕ್ಕೆ ಒಡ್ಡಿದ್ದು ಕರ್ತವ್ಯಲೋಪವೇ. ಮುಂದಿನ ಪತ್ರಗಳನ್ನು ಬೀದಿಯ ನಾಲ್ಕೈದು ಮನೆಯವರ ಸಹಿಯೊಂದಿಗೆ ಕಳಿಸಿ, ಸಾಧ್ಯವಾದರೆ ನಿವಾಸಿಗಳ ಸಂಘದ ಹೆಸರಿನಲ್ಲಿ. ನಿಮ್ಮ ಮನೆಯ ವಿಳಾಸದ ಬದಲು ವಕೀಲರ ವಿಳಾಸ ಕೊಡಬಹುದು. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.